ಪೂಲ್ ಹಿಗ್ಗಿಸುವ ಲೇಖನ ಹೇಳದೆ ಬಿಟ್ಟದ್ದು

ಸಂಪಾದಕರಿಗೆ,

ಮಾನ್ಯರೇ,

ಜಾಗ ತುಂಬಿಹೋದ ಸ್ಟೋರೇಜ್ ಪೂಲ್‌ಗೆ ಹೊಸ ಡಿಸ್ಕ್ ಸೇರಿಸಿ ಹಿಗ್ಗಿಸುವ ವಿಧಾನವನ್ನು ವಿವರಿಸುವ ಲೇಖನವೊಂದನ್ನು ತಮ್ಮ ಪತ್ರಿಕೆಯ ತಂತ್ರಜ್ಞಾನ ಪುಟದಲ್ಲಿ ಓದಿದೆ. ಲಿನಕ್ಸ್‌ನ ಲಾಜಿಕಲ್ ವಾಲ್ಯೂಮ್ ಮ್ಯಾನೇಜ್‌ಮೆಂಟ್, ಅಂದರೆ ಹಲವು ಡಿಸ್ಕ್‌ಗಳ ಜಾಗವನ್ನು ಒಟ್ಟುಗೂಡಿಸಿ ಬೇಕಾದಂತೆ ಹಂಚಿಕೊಡುವ, ಬಳಸುವವರ ಬಾಯಲ್ಲಿ ಎಲ್‌ವಿಎಂ ಎಂದೇ ಉಳಿದಿರುವ ವ್ಯವಸ್ಥೆ, ದಿನಪತ್ರಿಕೆಯೊಂದರಲ್ಲಿ ಅರ್ಧ ಪುಟ ಪಡೆದದ್ದು ಸಂತೋಷದ ಸಂಗತಿ. ಲೇಖನದಲ್ಲಿ ಕೊಟ್ಟಿರುವ ಕಮಾಂಡ್‌ಗಳಲ್ಲಿ ತಪ್ಪಿಲ್ಲ. ಡಿಸ್ಕನ್ನು ಸಿದ್ಧಪಡಿಸುವ ಪಿವಿಕ್ರಿಯೇಟ್, ಪೂಲ್‌ಗೆ ಸೇರಿಸುವ ವಿಜಿಎಕ್ಸ್‌ಟೆಂಡ್, ವಾಲ್ಯೂಮ್ ಹಿಗ್ಗಿಸುವ ಎಲ್‌ವಿಎಕ್ಸ್‌ಟೆಂಡ್ ಎಂಬ ಕ್ರಮವೂ ಸರಿಯಾಗಿದೆ. ನನ್ನ ತಕರಾರು ಇರುವುದು ಲೇಖನ ಎಲ್ಲಿಯೂ ಎತ್ತದ ಒಂದು ಸಂಗತಿಯ ಬಗ್ಗೆ. ಅಲ್ಲಿ ತೋರಿಸಿದ ರೀತಿಯಲ್ಲಿ ಡಿಸ್ಕ್ ಸೇರಿಸಿದಾಗ ಜಾಗ ಹೆಚ್ಚುತ್ತದೆ ನಿಜ, ಆದರೆ ಅದೇ ಕ್ಷಣದಿಂದ ಹಳೆಯ ಡಿಸ್ಕಿನಲ್ಲಿದ್ದ ಕಡತಗಳೂ ಹೊಸ ಡಿಸ್ಕಿನ ಆಯುಷ್ಯಕ್ಕೆ ಕಟ್ಟುಬೀಳುತ್ತವೆ. ಕುಟುಂಬದ ಫೋಟೊಗಳಿರುವ ವಾಲ್ಯೂಮನ್ನೇ ಉದಾಹರಣೆಯಾಗಿ ತೆಗೆದುಕೊಂಡ ಲೇಖನಕ್ಕೆ ಇದನ್ನು ಹೇಳುವ ಹೊಣೆ ಖಂಡಿತ ಇತ್ತು.

ವ್ಯವಸ್ಥೆಯ ಒಳಗನ್ನು ಸ್ವಲ್ಪ ನೋಡಿದರೆ ಇದು ಏಕೆಂದು ತಿಳಿಯುತ್ತದೆ. ಹೈಂಝ್ ಮಾವೆಲ್ಸ್‌ಹಾಗನ್ ಅವರು 1998ರಲ್ಲಿ ಲಿನಕ್ಸ್‌ಗಾಗಿ ಎಲ್‌ವಿಎಂ ಬರೆದಾಗ ಎಚ್‌ಪಿ ಕಂಪನಿಯ ಆಪರೇಟಿಂಗ್ ಸಿಸ್ಟಮ್ ಆದ ಎಚ್‌ಪಿ-ಯುಎಕ್ಸ್‌ನಲ್ಲಿದ್ದ ವಾಲ್ಯೂಮ್ ಮ್ಯಾನೇಜರ್ ಅವರಿಗೆ ಮಾದರಿಯಾಗಿತ್ತು. ಇಂದು ಎಲ್ಲರೂ ಬಳಸುತ್ತಿರುವುದು ಲಿನಕ್ಸ್‌ನ ತಿರುಳಾದ ಕರ್ನಲ್‌ನ 2.6ನೇ ಆವೃತ್ತಿಯೊಂದಿಗೆ ಬಂದ, ವಾಲ್ಯೂಮ್‌ನ ಯಾವ ಭಾಗ ಯಾವ ಡಿಸ್ಕಿನಲ್ಲಿದೆ ಎಂದು ಹೊಂದಿಸಿಕೊಡುವ ಡಿವೈಸ್ ಮ್ಯಾಪರ್‌ನ ಮೇಲೆ ನಿಂತ ಎರಡನೇ ಆವೃತ್ತಿಯನ್ನು. ಡಿಸ್ಕನ್ನು ಇದರ ವಶಕ್ಕೆ ಕೊಟ್ಟಾಗ ಅದು ಫಿಸಿಕಲ್ ವಾಲ್ಯೂಮ್ ಆಗುತ್ತದೆ. ಅಂಥ ಒಂದೋ ಹತ್ತೋ ವಾಲ್ಯೂಮ್‌ಗಳನ್ನು ಕೂಡಿಸಿದರೆ ವಾಲ್ಯೂಮ್ ಗ್ರೂಪ್ ಆಗುತ್ತದೆ, ಲೇಖನದಲ್ಲಿ ಪೂಲ್ ಎಂದು ಕರೆದಿರುವುದು ಇದನ್ನೇ. ಆ ಗ್ರೂಪ್‌ನಿಂದ ಬೇಕಾದಷ್ಟು ಜಾಗ ಕತ್ತರಿಸಿ ಲಾಜಿಕಲ್ ವಾಲ್ಯೂಮ್ ಮಾಡಿ, ಅದರ ಮೇಲೆ ಕಡತಗಳನ್ನು ಜೋಡಿಸಿಡುವ ಫೈಲ್ ಸಿಸ್ಟಮ್ ಹಾಕುತ್ತೇವೆ. ಕತ್ತರಿಸುವ ಅಳತೆಗೆ ಎಕ್ಸ್‌ಟೆಂಟ್ ಎಂದು ಹೆಸರು. ನಾವು ಬೇರೆ ಹೇಳದಿದ್ದರೆ ಒಂದು ಎಕ್ಸ್‌ಟೆಂಟ್ 4 ಮೆಬಿಬೈಟ್ (1024ರ ಲೆಕ್ಕದ ಮೆಗಾಬೈಟ್) ಇರುತ್ತದೆ. 2 ಟೆರಾಬೈಟ್ ಎಂದು ಪೆಟ್ಟಿಗೆಯ ಮೇಲೆ ಬರೆದಿರುವ ಸಾಮಾನ್ಯ ಡಿಸ್ಕ್ ಗ್ರೂಪ್‌ಗೆ ಸೇರಿದಾಗ 4,76,932 ಎಕ್ಸ್‌ಟೆಂಟ್‌ಗಳಾಗುತ್ತದೆ. (ಅದನ್ನೇ ಪರದೆ 1.82 ಎಂದು ತೋರಿಸಿದಾಗ ಅಂಗಡಿಯವನು ಮೋಸ ಮಾಡಿದ ಎಂದುಕೊಳ್ಳುವವರಿದ್ದಾರೆ. ಡಿಸ್ಕ್ ತಯಾರಕರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ಎಲ್‌ವಿಎಂ 1024ರ ಲೆಕ್ಕದಲ್ಲಿ ಎಣಿಸುತ್ತದೆ, ಅಷ್ಟೇ.)

ಈಗ ಎರಡು ಡಿಸ್ಕ್‌ಗಳ ಮೇಲೆ ಹರಡಿದ ಒಂದು ಲಾಜಿಕಲ್ ವಾಲ್ಯೂಮ್ ಕರ್ನಲ್‌ನ ಕಣ್ಣಿಗೆ ಹೇಗೆ ಕಾಣುತ್ತದೆ ನೋಡಿ. ಡಿಎಂಸೆಟಪ್ ಎಂಬ ಕಮಾಂಡ್‌ಗೆ ಟೇಬಲ್ ತೋರಿಸು ಎಂದರೆ ಬರುವುದು ಎರಡೇ ಸಾಲು. ಸೊನ್ನೆಯಿಂದ ಆರಂಭಿಸಿ 3,90,70,26,944 ಸೆಕ್ಟರ್‌ಗಳವರೆಗೆ (ಸೆಕ್ಟರ್ ಎಂದರೆ ಡಿಸ್ಕಿನ ಒಂದು ಸಣ್ಣ ಅಳತೆ) ಲೀನಿಯರ್, ಅಂದರೆ ಒಂದರ ಹಿಂದೆ ಒಂದಾಗಿ ಜೋಡಿಸಿದ್ದು, ಮೊದಲ ಡಿಸ್ಕ್, ಅದರ 2048ನೇ ಸೆಕ್ಟರ್‌ನಿಂದ ಎಂದು ಒಂದು ಸಾಲು ಹೇಳುತ್ತದೆ. ಅಲ್ಲಿಂದ ಮುಂದಿನದು ಎರಡನೇ ಡಿಸ್ಕ್ ಎಂದು ಮತ್ತೊಂದು ಸಾಲು ಹೇಳುತ್ತದೆ. ಇಷ್ಟು ಬಿಟ್ಟರೆ ಅಲ್ಲಿ ಬೇರೇನೂ ಇಲ್ಲ. ಪ್ರತಿ ಇಲ್ಲ, ಪ್ಯಾರಿಟಿ ಇಲ್ಲ, ಒಂದು ಡಿಸ್ಕ್ ಕೈಕೊಟ್ಟರೆ ಇನ್ನೊಂದರಿಂದ ಕೂಡಿಸಿ ಕಳೆದು ತುಂಬಿಕೊಳ್ಳುವ ಯಾವ ಏರ್ಪಾಟೂ ಇಲ್ಲ. ಮೇಲೆ ಕುಳಿತಿರುವ ಫೈಲ್ ಸಿಸ್ಟಮ್‌ಗೆ ಕೆಳಗೆ ಎರಡು ಡಿಸ್ಕ್‌ಗಳಿವೆ ಎಂಬುದೇ ಗೊತ್ತಿರುವುದಿಲ್ಲ. ಕಡತಗಳ ವಿವರ ಇಡುವ ತನ್ನ ಇನೋಡ್‌ಗಳನ್ನು ಒಂದು ಕಡೆ, ಕಡತದ ಒಡಲನ್ನು ಇನ್ನೊಂದು ಕಡೆ ಅದು ನಿಶ್ಚಿಂತೆಯಿಂದ ಬರೆಯುತ್ತ ಹೋಗುತ್ತದೆ.

ಪೂಲ್ ಎಂಬ ಹೆಸರೇ ಇಲ್ಲಿ ಸ್ವಲ್ಪ ದಾರಿ ತಪ್ಪಿಸುತ್ತದೆ ಎಂದು ನನಗೆ ಅನಿಸುವುದುಂಟು. ಹಲವು ಡಿಸ್ಕ್‌ಗಳು ಕೂಡಿವೆ ಎಂದ ಕೂಡಲೇ ಒಂದಕ್ಕೊಂದು ಆಸರೆಯಾಗಿರಬಹುದು ಎಂಬ ಭಾವನೆ ಬರುತ್ತದೆ. ನಿಜಕ್ಕೂ ಇದು ಕೆರೆಯ ಏರಿಯ ಹಾಗೆ. ಏರಿ ಉದ್ದವಾದಷ್ಟೂ ಹೆಚ್ಚು ನೀರು ನಿಲ್ಲುತ್ತದೆ, ಆದರೆ ಯಾವ ಒಂದು ಕಡೆ ಒಡೆದರೂ ಹೋಗುವುದು ಇಡೀ ಕೆರೆಯ ನೀರು. ಲೆಕ್ಕಕ್ಕಾಗಿ, ಒಂದು ಡಿಸ್ಕ್ ವರ್ಷದೊಳಗೆ ಕೆಡುವ ಸಾಧ್ಯತೆ ನೂರಕ್ಕೆ 2 ಎಂದಿಟ್ಟುಕೊಳ್ಳೋಣ. ಎರಡು ಡಿಸ್ಕ್‌ಗಳ ಮೇಲೆ ಹರಡಿದ ವಾಲ್ಯೂಮ್ ಕೆಡುವ ಸಾಧ್ಯತೆ 3.96 ಆಗುತ್ತದೆ, ನಾಲ್ಕರ ಮೇಲೆ ಹರಡಿದರೆ 7.76 ಆಗುತ್ತದೆ. ಇದು ಎಲ್ಲ ಡಿಸ್ಕ್‌ಗಳೂ ಹೊಸವು ಎಂದು ಭಾವಿಸಿ ಹಾಕಿದ ಲೆಕ್ಕ. ಪೂಲ್ ಹಿಗ್ಗಿಸಲು ನಾವು ಕೈಗೆತ್ತಿಕೊಳ್ಳುವುದು ಸಾಮಾನ್ಯವಾಗಿ ಯಾವುದೋ ಹಳೆಯ ಯಂತ್ರದಿಂದ ಬಿಚ್ಚಿಟ್ಟ, ಇನ್ನೂ ಓಡುತ್ತಿದೆಯಲ್ಲ ಎಂದು ಎಸೆಯಲು ಮನಸ್ಸು ಬಾರದ ಡಿಸ್ಕನ್ನು.

ನಾನು ಮಾಡಿದ್ದೂ ಇದನ್ನೇ. ಕೆಲವು ವರ್ಷಗಳ ಹಿಂದೆ ನಾನು ನೋಡಿಕೊಳ್ಳುತ್ತಿದ್ದ ಕಚೇರಿಯೊಂದರ ಫೈಲ್ ಸರ್ವರ್‌ನಲ್ಲಿ ತಲಾ 2 ಟೆರಾಬೈಟಿನ ಎರಡು ಡಿಸ್ಕ್‌ಗಳಿದ್ದವು. ಅವು ತುಂಬುತ್ತ ಬಂದಾಗ ಕಪಾಟಿನಲ್ಲಿದ್ದ ಮೂರನೆಯದೊಂದನ್ನು ಸೇರಿಸಿ, ಉಳಿದಿದ್ದ ಅಷ್ಟೂ ಎಕ್ಸ್‌ಟೆಂಟ್‌ಗಳನ್ನು ಇದ್ದ ಒಂದೇ ವಾಲ್ಯೂಮ್‌ಗೆ ಕೊಟ್ಟೆ. ಹತ್ತು ನಿಮಿಷದ ಕೆಲಸ. ಸರ್ವರ್ ನಿಲ್ಲಿಸುವ ಅಗತ್ಯವೂ ಬೀಳಲಿಲ್ಲ. ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಎಂಟು ತಿಂಗಳ ಬಳಿಕ ಒಂದು ಬೆಳಿಗ್ಗೆ, ಫೋಲ್ಡರ್ ತೆರೆಯುತ್ತದೆ, ಒಳಗಿನ ಕಡತ ತೆರೆಯುವುದಿಲ್ಲ ಎಂದು ದೂರು ಬಂತು. ಕರ್ನಲ್ ಲಾಗ್‌ನಲ್ಲಿ ಮೂರನೇ ಡಿಸ್ಕಿನ ಹೆಸರಿನಲ್ಲಿ ಐ/ಒ ದೋಷದ ಸಾಲುಗಳು ಸಾಲುಗಟ್ಟಿ ನಿಂತಿದ್ದವು. ಫೈಲ್ ಸಿಸ್ಟಮ್ ತಾನಾಗಿಯೇ ಓದಲು ಮಾತ್ರ ಎಂಬ ಸ್ಥಿತಿಗೆ ಜಾರಿತ್ತು. ಓದಲಾದರೂ ಬರುತ್ತಿದ್ದ ಆ ಹೊತ್ತಿನಲ್ಲೇ ಸಿಕ್ಕಷ್ಟನ್ನು ನಕಲು ಮಾಡಿಕೊಳ್ಳಬೇಕಿತ್ತು. ನಾನು ರೀಬೂಟ್ ಮಾಡಿದೆ.

ರೀಬೂಟ್ ಆದ ಮೇಲೆ ಆ ಡಿಸ್ಕ್ ತನ್ನ ಇರುವನ್ನೇ ಹೇಳಿಕೊಳ್ಳಲಿಲ್ಲ. ಮೌಂಟ್ ಆಗಬೇಕಾದ, ಅಂದರೆ ಬಳಕೆಗೆ ತೆರೆದುಕೊಳ್ಳಬೇಕಾದ ವಾಲ್ಯೂಮ್‌ಗಾಗಿ ಸಿಸ್ಟಮ್ 90 ಸೆಕೆಂಡ್ ಕಾದು ಎಮರ್ಜೆನ್ಸಿ ಮೋಡ್‌ಗೆ ಬಿದ್ದಿತು. ಫಿಸಿಕಲ್ ವಾಲ್ಯೂಮ್‌ಗಳ ಪಟ್ಟಿ ಕೊಡುವ ಪಿವಿಎಸ್ ಕಮಾಂಡ್ ಟೈಪ್ ಮಾಡಿದರೆ ಮೂರನೇ ಸಾಲಿನಲ್ಲಿ ಡಿಸ್ಕಿನ ಹೆಸರು ಇರಬೇಕಾದ ಕಡೆ ಚೌಕ ಕಂಸದೊಳಗೆ ಅನ್‌ನೋನ್ ಎಂಬ ಒಂದೇ ಪದ ಕುಳಿತಿತ್ತು. ಮೇಲ್ಗಡೆ, ಇಂಥ ಯುಯುಐಡಿ (ಪ್ರತಿ ಡಿಸ್ಕಿಗೂ ಬೇರೆಯಾದ ಗುರುತಿನ ಸಂಖ್ಯೆ) ಇರುವ ಡಿವೈಸ್ ಸಿಗುತ್ತಿಲ್ಲ ಎಂಬ ಎಚ್ಚರಿಕೆ. ಒಂದು ಭಾಗ ಇಲ್ಲವಾದ ಲೀನಿಯರ್ ವಾಲ್ಯೂಮನ್ನು ಎಲ್‌ವಿಎಂ ಸುಮ್ಮನೆ ಎಬ್ಬಿಸುವುದಿಲ್ಲ. ಆಕ್ಟಿವೇಶನ್ ಮೋಡ್ ಪಾರ್ಶಿಯಲ್ ಎಂದು ಬಿಡಿಸಿ ಹೇಳಬೇಕು. ಹಾಗೆ ಹೇಳಿದಾಗ ಕಾಣೆಯಾದ ಡಿಸ್ಕಿನ ಜಾಗದಲ್ಲಿ, ಓದಹೋದರೆ ದೋಷವನ್ನೇ ಹಿಂದಿರುಗಿಸುವ ಒಂದು ತೇಪೆ ಹಾಕುತ್ತದೆ. ಫೈಲ್ ಸಿಸ್ಟಮ್ ತನ್ನ ಬದಲಾವಣೆಗಳನ್ನು ಬರೆದಿಟ್ಟುಕೊಳ್ಳುವ ಜರ್ನಲ್ ಮುಟ್ಟಬೇಡ ಎಂದು ಹೇಳಿ, ಓದಲು ಮಾತ್ರ ಎಂದು ಮೌಂಟ್ ಮಾಡಿದೆ. ಫೋಲ್ಡರ್‌ಗಳ ಹೆಸರು, ಕಡತಗಳ ಹೆಸರು, ಗಾತ್ರ, ತಾರೀಕು ಎಲ್ಲವೂ ಹೆಚ್ಚುಕಡಿಮೆ ಹಾಗೆಯೇ ಕಂಡವು. ತೆರೆಯಲು ಹೋದರೆ ಕೆಲವು ತೆರೆದವು, ಕೆಲವು ಇನ್‌ಪುಟ್/ಔಟ್‌ಪುಟ್ ಎರರ್ ಎಂದವು. ಸ್ಕ್ಯಾನ್ ಮಾಡಿದ ದೊಡ್ಡ ಕಡತವೊಂದು ಅರ್ಧ ಪುಟದವರೆಗೆ ಚೆನ್ನಾಗಿ ಮೂಡಿ, ಅದರ ಕೆಳಗೆ ಬೂದುಬಣ್ಣದ ಪಟ್ಟಿಯಾಗಿ ನಿಂತಿತು. ಎಂಟು ತಿಂಗಳಲ್ಲಿ ಬರೆದ ಹೊಸ ಕಡತಗಳು ಮಾತ್ರ ಹೋಗಿರಬಹುದು ಎಂಬ ನನ್ನ ಆಸೆಯೂ ಸುಳ್ಳಾಯಿತು. ಹಳೆಯ ಕಡತಗಳನ್ನು ಯಾರೋ ತಿದ್ದಿ ಉಳಿಸಿದಾಗ ಅವೂ ಖಾಲಿ ಜಾಗ ಹುಡುಕಿಕೊಂಡು ಮೂರನೇ ಡಿಸ್ಕಿಗೆ ಹೋಗಿದ್ದವು.

ಬ್ಯಾಕಪ್ ಇರಲಿಲ್ಲವೇ ಎಂದು ಓದುಗರು ಕೇಳಬಹುದು. ಇತ್ತು. ಪೂಲ್ 4 ಟೆರಾಬೈಟ್ ಇದ್ದಾಗ ಅದಕ್ಕೆ ಸರಿಯಾಗಿ ಒಂದೇ 4 ಟೆರಾಬೈಟಿನ ಡಿಸ್ಕಿಗೆ ಪ್ರತಿ ರಾತ್ರಿ ಬ್ಯಾಕಪ್ ಆಗುತ್ತಿತ್ತು. ಪೂಲ್ ಹಿಗ್ಗಿತು, ಬ್ಯಾಕಪ್ ಡಿಸ್ಕ್ ಇದ್ದಷ್ಟೇ ಉಳಿಯಿತು. ಅದು ತುಂಬಿದ ದಿನದಿಂದ ಪ್ರತಿ ರಾತ್ರಿಯ ಕೆಲಸ ಅರ್ಧಕ್ಕೇ ನಿಂತು, ಯಾರೂ ಓದದ ಲಾಗ್‌ನಲ್ಲಿ ಒಂದು ಸಾಲು ಬರೆದು ಸುಮ್ಮನಾಗುತ್ತಿತ್ತು. ಸರಿಯಾಗಿ ಮುಗಿದಿದ್ದ ಕೊನೆಯ ಪ್ರತಿ ಹನ್ನೊಂದು ವಾರ ಹಳೆಯದು. ಈ ತಪ್ಪು ಡಿಸ್ಕಿನದೂ ಅಲ್ಲ, ಎಲ್‌ವಿಎಂನದೂ ಅಲ್ಲ, ಪೂರ್ತಿ ನನ್ನದು. ಆದರೆ ಪೂಲ್ ಹಿಗ್ಗಿಸುವ ವಿಧಾನ ಹೇಳಿಕೊಡುವ ಬರಹ ಯಾವುದೇ ಇರಲಿ, ಬ್ಯಾಕಪ್ ಹೋಗಿ ಬೀಳುವ ಜಾಗವನ್ನೂ ಜೊತೆಯಲ್ಲೇ ಹಿಗ್ಗಿಸಿ ಎಂದು ಒಂದು ಸಾಲು ಸೇರಿಸಿದರೆ ನನ್ನಂಥ ಎಷ್ಟೋ ಜನ ಉಳಿದುಕೊಳ್ಳುತ್ತಾರೆ.

ಹಾಗಾದರೆ ಡಿಸ್ಕ್ ಸೇರಿಸುವುದೇ ಬೇಡವೇ? ಸೇರಿಸಲೇಬೇಕಾಗುತ್ತದೆ, ಎಲ್‌ವಿಎಂ ಇರುವುದೂ ಅದಕ್ಕಾಗಿಯೇ. ಗಮನಿಸಬೇಕಾದದ್ದು, ಗ್ರೂಪ್ ಹಿಗ್ಗಿಸುವುದೂ ವಾಲ್ಯೂಮ್ ಹಿಗ್ಗಿಸುವುದೂ ಎರಡು ಬೇರೆ ಬೇರೆ ತೀರ್ಮಾನಗಳು ಎಂಬುದನ್ನು. ಲೇಖನ ಎರಡನ್ನೂ ಒಂದೇ ಉಸಿರಿನಲ್ಲಿ ಮುಗಿಸಿಬಿಟ್ಟಿದೆ. ಹೊಸ ಡಿಸ್ಕನ್ನು ಗ್ರೂಪ್‌ಗೆ ಸೇರಿಸಿದ ಮಾತ್ರಕ್ಕೆ ಹಳೆಯ ವಾಲ್ಯೂಮ್‌ಗೆ ಏನೂ ಆಗುವುದಿಲ್ಲ. ಅದರ ಟೇಬಲ್‌ಗೆ ಎರಡನೇ ಸಾಲು ಸೇರುವುದು ಎಲ್‌ವಿಎಕ್ಸ್‌ಟೆಂಡ್ ಕೊಟ್ಟಾಗ. ಇವೆರಡರ ನಡುವೆ ನಿಂತು ಯೋಚಿಸಲು ಬೇಕಾದಷ್ಟು ಸಮಯವಿದೆ. ಹೊಸ ಜಾಗದಲ್ಲಿ ಬೇರೆಯದೇ ಒಂದು ವಾಲ್ಯೂಮ್ ಮಾಡಬಹುದು. ಎಲ್‌ವಿಕ್ರಿಯೇಟ್ ಕಮಾಂಡ್‌ನ ಕೊನೆಗೆ ಡಿಸ್ಕಿನ ಹೆಸರು ಬರೆದರೆ ಆ ವಾಲ್ಯೂಮ್ ಆ ಡಿಸ್ಕಿನಲ್ಲೇ ಪೂರ್ತಿಯಾಗಿ ಕೂರುತ್ತದೆ. ಆಗ ಡಿಸ್ಕ್ ಕೆಟ್ಟರೂ ನಷ್ಟ ಅದರ ಮೇಲಿದ್ದ ವಾಲ್ಯೂಮ್‌ಗೆ ಮಾತ್ರ. ಉಳಿದ ಡಿಸ್ಕ್‌ಗಳ ಮೇಲಿರುವ ವಾಲ್ಯೂಮ್‌ಗಳು ಎಂದಿನಂತೆ ಎದ್ದು ನಿಲ್ಲುತ್ತವೆ. ಕಾಣೆಯಾದ ಡಿಸ್ಕನ್ನು ಗ್ರೂಪ್‌ನಿಂದ ತೆಗೆದುಹಾಕುವವರೆಗೆ ಗ್ರೂಪ್‌ನಲ್ಲಿ ಹೊಸ ಬದಲಾವಣೆ ಮಾಡಲು ಎಲ್‌ವಿಎಂ ಒಪ್ಪುವುದಿಲ್ಲ, ಅಷ್ಟೇ. ಒಂದೇ ದೊಡ್ಡ ಫೋಲ್ಡರ್ ಬೇಕು ಎಂಬ ಹಟ ಬಿಟ್ಟು, ಹಳೆಯ ದಾಖಲೆಗಳಿಗೆ ಒಂದು, ನಿತ್ಯದ ಕೆಲಸಕ್ಕೆ ಒಂದು ಎಂದು ವಾಲ್ಯೂಮ್ ಬೇರೆ ಮಾಡಿಕೊಂಡರೆ ಎಷ್ಟೋ ಸಲ ಇಷ್ಟೇ ಸಾಕಾಗುತ್ತದೆ.

ಒಂದೇ ವಾಲ್ಯೂಮ್ ಬೆಳೆಯಲೇಬೇಕು ಎಂದಾದರೆ ಡಿಸ್ಕ್‌ಗಳನ್ನು ಜೋಡಿಯಾಗಿ ತರುವುದು ಮೇಲು. ಕೆಳಗೆ ಎಂಡಿಎಡಿಎಂ ಎಂಬ ಕಮಾಂಡ್‌ನಿಂದ ರೇಯ್ಡ್, ಅಂದರೆ ಒಂದು ಡಿಸ್ಕ್ ಕೆಟ್ಟರೂ ಮಾಹಿತಿ ಉಳಿಯುವಂತಹ ಡಿಸ್ಕ್‌ಗಳ ಜೋಡಣೆ ಕಟ್ಟಿ ಅದನ್ನೇ ಫಿಸಿಕಲ್ ವಾಲ್ಯೂಮ್ ಮಾಡಿಕೊಳ್ಳುವುದು ಹಳೆಯ, ಪಳಗಿದ ದಾರಿ. ಎಲ್‌ವಿಎಂ ತಾನೇ ರೇಯ್ಡ್ ಮಾಡುವುದನ್ನೂ ಬಲ್ಲದು. ಇರುವ ಲೀನಿಯರ್ ವಾಲ್ಯೂಮನ್ನು ಎಲ್‌ವಿಕನ್ವರ್ಟ್ ಮೂಲಕ, ಅದು ಬಳಕೆಯಲ್ಲಿರುವಾಗಲೇ, ಒಂದೇ ಮಾಹಿತಿಯ ಎರಡು ಪ್ರತಿ ಇಡುವ ರೇಯ್ಡ್1 ಆಗಿ ಬದಲಿಸಬಹುದು. ಎರಡನೇ ಪ್ರತಿ ಬೇರೆ ಡಿಸ್ಕಿನ ಮೇಲೆ ಕೂರುತ್ತದೆ, ಹಿನ್ನೆಲೆಯಲ್ಲಿ ನಕಲಾಗುತ್ತ ಶೇಕಡಾವಾರು ಲೆಕ್ಕ ತೋರಿಸುತ್ತದೆ. ನೂರು ಮುಟ್ಟುವವರೆಗೆ ರಕ್ಷಣೆ ಇಲ್ಲ ಎಂಬುದು ನೆನಪಿರಲಿ. ಇಲ್ಲೊಂದು ಸಣ್ಣ ಸಂಗತಿ ಇದೆ, ಪರದೆಯ ಮುಂದೆ ಪೇಚಾಡುವವರೆಗೆ ನನಗೂ ಗೊತ್ತಿರಲಿಲ್ಲ. ರೇಯ್ಡ್1ರ ಪ್ರತಿಯೊಂದು ಪ್ರತಿಗೂ ತನ್ನ ಮೆಟಾಡೇಟಾ (ಜೋಡಣೆಯ ವಿವರ) ಇಡಲು ಒಂದು ಎಕ್ಸ್‌ಟೆಂಟ್ ಪ್ರತ್ಯೇಕವಾಗಿ ಬೇಕು. ಮೊದಲ ಡಿಸ್ಕಿನ ಕೊನೆಯ ಎಕ್ಸ್‌ಟೆಂಟ್‌ವರೆಗೂ ವಾಲ್ಯೂಮ್ ನುಂಗಿ ಕುಳಿತಿದ್ದರೆ, ಪಕ್ಕದಲ್ಲಿ ಇಡೀ ಹೊಸ ಡಿಸ್ಕ್ ಖಾಲಿ ಇದ್ದರೂ ಈ ಬದಲಾವಣೆಗೆ ಮೊದಲ ಡಿಸ್ಕಿನಲ್ಲಿ ಜಾಗವಿಲ್ಲ ಎಂಬ ಸ್ಥಿತಿ ಬರುತ್ತದೆ.

ಲೇಖನದ ಉದಾಹರಣೆಯಲ್ಲಿ ಉಳಿದ ಜಾಗವನ್ನೆಲ್ಲ ಕೊಟ್ಟುಬಿಡು ಎಂಬರ್ಥದ, ಶೇಕಡಾ ನೂರು ಫ್ರೀ ಎಂದು ಬರೆಯುವ ರೂಪವನ್ನು ಬಳಸಿದ್ದನ್ನು ನಾನು ಒಪ್ಪದಿರಲು ಇದೂ ಒಂದು ಕಾರಣ. ಹಿಗ್ಗಿಸುವುದು ಇಳಿಜಾರಿನಲ್ಲಿ ನಡೆದ ಹಾಗೆ, ಕುಗ್ಗಿಸುವುದು ಹಾಗಲ್ಲ. ಎಕ್ಸ್‌ಎಫ್‌ಎಸ್ ಫೈಲ್ ಸಿಸ್ಟಮನ್ನು ಮೌಂಟ್ ಆಗಿರುವಾಗಲೇ ಬೆಳೆಸಬಹುದು, ಆದರೆ ಕುಗ್ಗಿಸಲು ಬಳಕೆಗೆ ಬರುವಂಥ ದಾರಿಯಿಲ್ಲ. ಎಲ್ಲವನ್ನೂ ಬೇರೆಡೆಗೆ ನಕಲು ಮಾಡಿ, ಹೊಸದಾಗಿ ಫಾರ್ಮ್ಯಾಟ್ ಮಾಡಿ, ಮತ್ತೆ ತರಬೇಕು. ಇಎಕ್ಸ್‌ಟಿ4 ಎಂಬ ಇನ್ನೊಂದು ಫೈಲ್ ಸಿಸ್ಟಮ್ ಕುಗ್ಗುತ್ತದೆ, ಅನ್‌ಮೌಂಟ್ ಮಾಡಿ, ಪೂರ್ತಿ ಪರಿಶೀಲನೆ ಮುಗಿಸಿ, ಮೊದಲು ಫೈಲ್ ಸಿಸ್ಟಮ್ ಆಮೇಲೆ ವಾಲ್ಯೂಮ್ ಎಂಬ ಕ್ರಮ ತಪ್ಪದಂತೆ ಮಾಡಿದರೆ ಮಾತ್ರ. ಆದ್ದರಿಂದ ಇಂದು ಬೇಕಾದಷ್ಟನ್ನು ಮಾತ್ರ ವಾಲ್ಯೂಮ್‌ಗೆ ಕೊಟ್ಟು, ಉಳಿದ ಎಕ್ಸ್‌ಟೆಂಟ್‌ಗಳನ್ನು ಗ್ರೂಪ್‌ನಲ್ಲೇ ಖಾಲಿ ಬಿಟ್ಟಿರುವುದು ಜಾಣತನ. ಸ್ನ್ಯಾಪ್‌ಶಾಟ್ (ವಾಲ್ಯೂಮ್ ಆ ಕ್ಷಣ ಇದ್ದ ಸ್ಥಿತಿಯ ಪ್ರತಿ) ಬೇಕಾದಾಗ, ಒಂದು ಡಿಸ್ಕಿನ ಮೇಲೆ ಅನುಮಾನ ಬಂದಾಗ ಕೈಗೆ ಬರುವುದು ಆ ಖಾಲಿ ಜಾಗವೇ. ಗ್ರೂಪ್‌ಗಳ ವಿವರ ತೋರಿಸುವ ವಿಜಿಎಸ್ ಕಮಾಂಡ್ ಕೊಡುವ ಪಟ್ಟಿಯ ಕೊನೆಯ ಅಂಕಣದಲ್ಲಿ, ಅಂದರೆ ಖಾಲಿ ಜಾಗದ ಅಂಕಣದಲ್ಲಿ, ಸೊನ್ನೆ ಕಂಡರೆ ಈಗ ನನಗೆ ಒಂಥರಾ ಕಳವಳವಾಗುತ್ತದೆ.

ಅನುಮಾನ ಬಂದ ಡಿಸ್ಕಿನ ಮಾತು ಬಂದದ್ದರಿಂದ ಹೇಳುತ್ತೇನೆ, ಲೇಖನ ಪ್ರಸ್ತಾಪಿಸದ ಪಿವಿಮೂವ್ ಎಂಬ ಕಮಾಂಡ್ ಎಲ್‌ವಿಎಂನ ಅತ್ಯುತ್ತಮ ಗುಣ ಎಂದು ನಾನು ಭಾವಿಸಿದ್ದೇನೆ. ಒಂದು ಡಿಸ್ಕಿನ ಮೇಲಿರುವ ಎಕ್ಸ್‌ಟೆಂಟ್‌ಗಳನ್ನು ಅದು ಭಾಗ ಭಾಗವಾಗಿ ಗ್ರೂಪ್‌ನ ಬೇರೆ ಡಿಸ್ಕಿಗೆ ಸಾಗಿಸುತ್ತದೆ. ಮೇಲೆ ಜನ ಕಡತ ತೆರೆಯುತ್ತ, ಉಳಿಸುತ್ತ ಇರುವಾಗಲೇ ಕೆಳಗೆ ಈ ಸಾಗಾಟ ನಡೆಯುತ್ತದೆ. ನಡುವೆ ವಿದ್ಯುತ್ ಹೋದರೂ ಮತ್ತೆ ಪಿವಿಮೂವ್ ಎಂದರೆ ಬಿಟ್ಟ ಕಡೆಯಿಂದ ಮುಂದುವರಿಯುತ್ತದೆ. ಡಿಸ್ಕ್ ಬರಿದಾದ ಮೇಲೆ ವಿಜಿರೆಡ್ಯೂಸ್‌ನಿಂದ ಅದನ್ನು ಗ್ರೂಪ್‌ನಿಂದ ಬಿಡಿಸಿ, ಪಿವಿರಿಮೂವ್‌ನಿಂದ ಗುರುತು ಅಳಿಸಿ ತೆಗೆದಿಡಬಹುದು. ಇದರಿಂದ ತಿಳಿಯುವುದೇನೆಂದರೆ, 2 ಟೆರಾಬೈಟಿನ ಡಿಸ್ಕಿಗೆ ಇನ್ನೊಂದು 2 ಟೆರಾಬೈಟ್ ಜೋಡಿಸುವ ಬದಲು 4 ಟೆರಾಬೈಟಿನದೊಂದನ್ನು ತಂದು, ಹಳೆಯದರಲ್ಲಿ ಇರುವುದನ್ನೆಲ್ಲ ಅದಕ್ಕೆ ಸಾಗಿಸಿ, ಹಳೆಯದನ್ನು ಹೊರಗೆ ಕಳಿಸಿದರೆ ಜಾಗವೂ ದುಪ್ಪಟ್ಟಾಗುತ್ತದೆ, ಡಿಸ್ಕ್‌ಗಳ ಸಂಖ್ಯೆಯೂ ಏರುವುದಿಲ್ಲ. ಆದರೆ ಈಗಾಗಲೇ ಓದಲು ತಡವರಿಸುತ್ತಿರುವ ಡಿಸ್ಕಿನ ಮೇಲೆ ಪಿವಿಮೂವ್ ನಂಬಿ ಕೂರಬಾರದು. ಓದಲಾಗದ ಸೆಕ್ಟರ್ ಸಿಕ್ಕಾಗ ಅದು ಅಲ್ಲೇ ನಿಂತುಬಿಡುತ್ತದೆ. ಡಿಸ್ಕ್ ಆರೋಗ್ಯವಾಗಿರುವಾಗಲೇ ಮಾಡಬೇಕಾದ ಕೆಲಸ ಇದು.

ಕೈತಪ್ಪಿನ ಬಗ್ಗೆಯೂ ಒಂದೆರಡು ಮಾತು. ಡಿಸ್ಕ್‌ಗಳ ಎಸ್‌ಡಿಎ, ಎಸ್‌ಡಿಬಿ ಎಂಬ ಹೆಸರುಗಳು ಒಂದು ಬೂಟ್‌ನಿಂದ ಇನ್ನೊಂದಕ್ಕೆ ಅದಲುಬದಲಾಗಬಹುದು. ಎಲ್‌ವಿಎಂ ತನ್ನ ಡಿಸ್ಕ್‌ಗಳನ್ನು ಯುಯುಐಡಿಯಿಂದ ಗುರುತಿಸಿಕೊಳ್ಳುವುದರಿಂದ ಅದಕ್ಕೆ ತೊಂದರೆಯಿಲ್ಲ, ಹೆಸರು ನೋಡಿ ಟೈಪ್ ಮಾಡುವ ನಮಗೆ ತೊಂದರೆ. ಸೀರಿಯಲ್ ನಂಬರ್ ಹೊಂದಿಸಿ ನೋಡದೆ ಪಿವಿಕ್ರಿಯೇಟ್ ಕೊಡಬಾರದು. ಆ ಡಿಸ್ಕಿನಲ್ಲಿ ಮೊದಲೇ ಏನಾದರೂ ಇದ್ದರೆ, ಇಎಕ್ಸ್‌ಟಿ4ರ ಗುರುತು 1080ನೇ ಬೈಟಿನಲ್ಲಿ ಕಾಣುತ್ತಿದೆ, ಅಳಿಸಲೇ ಎಂದು ಅದು ಕೇಳುತ್ತದೆ. ಹೌದು ಎಂದು ಒತ್ತಿ ರೂಢಿಯಾದ ಬೆರಳಿಗೆ ಅಲ್ಲಿ ಅರೆಗಳಿಗೆ ತಡೆ ಬೇಕು. ಇನ್ನು ಪ್ಲಸ್ ಚಿಹ್ನೆ. ಗಾತ್ರ ಬರೆಯುವ ಮುಂಚೆ ಪ್ಲಸ್ ಹಾಕಿ 500 ಗಿಗಾಬೈಟ್ ಎಂದರೆ ಇರುವುದಕ್ಕೆ ಅಷ್ಟು ಕೂಡಿಸು ಎಂದರ್ಥ, ಹಾಕದಿದ್ದರೆ ಒಟ್ಟು ಅಷ್ಟಕ್ಕೆ ತಂದು ನಿಲ್ಲಿಸು ಎಂದರ್ಥ. ಎಲ್‌ವಿಎಕ್ಸ್‌ಟೆಂಡ್ ಆದರೆ, ಇರುವುದಕ್ಕಿಂತ ಇದು ಹೆಚ್ಚಲ್ಲ ಎಂದು ತಿರಸ್ಕರಿಸುತ್ತದೆ. ಹಿಗ್ಗಿಸಲೂ ಕುಗ್ಗಿಸಲೂ ಬರುವ ಎಲ್‌ವಿರಿಸೈಜ್ ಬಳಸಿ ಪ್ಲಸ್ ಮರೆತವರು 2 ಟೆರಾಬೈಟಿನ ವಾಲ್ಯೂಮನ್ನು 500 ಗಿಗಾಬೈಟಿಗೆ ಕತ್ತರಿಸುವ ಅಂಚಿಗೆ ಹೋಗುತ್ತಾರೆ. ವಾಲ್ಯೂಮ್ ಹಿಗ್ಗಿದರೂ ಖಾಲಿ ಜಾಗ ತೋರಿಸುವ ಡಿಎಫ್ ಕಮಾಂಡ್‌ನಲ್ಲಿ ಜಾಗ ಹೆಚ್ಚಾಗಿ ಕಾಣದಿದ್ದರೆ ಗಾಬರಿಯಿಂದ ಅದೇ ಕಮಾಂಡ್ ಮತ್ತೊಮ್ಮೆ ಕೊಡುವುದು ಬೇಡ. ಫೈಲ್ ಸಿಸ್ಟಮನ್ನು ಇನ್ನೂ ಬೆಳೆಸಿಲ್ಲ ಎಂದಷ್ಟೇ ಅದರ ಅರ್ಥ. 512 ಬೈಟಿನ ಲಾಜಿಕಲ್ ಸೆಕ್ಟರ್ ಇರುವ ಡಿಸ್ಕ್‌ಗಳ ಗ್ರೂಪ್‌ಗೆ 4096 ಬೈಟಿನದನ್ನು ಸೇರಿಸಲು ಹೋದರೆ ಹೊಸ ಆವೃತ್ತಿಗಳು ಒಪ್ಪುವುದಿಲ್ಲ. ಹಳೆಯ ಆವೃತ್ತಿಗಳು ಒಪ್ಪಿಕೊಂಡುಬಿಡುತ್ತಿದ್ದವು, ಆಮೇಲೆ ಎಕ್ಸ್‌ಎಫ್‌ಎಸ್ ಮೌಂಟ್ ಆಗಲು ನಿರಾಕರಿಸಿದಾಗಲೇ ವಿಷಯ ತಿಳಿಯುತ್ತಿತ್ತು.

ಲೇಖನದ ಕೊನೆಯಲ್ಲಿ ಥಿನ್ ಪೂಲ್ ಬಗ್ಗೆ ಹೊಗಳಿಕೆಯ ಒಂದು ಪ್ಯಾರಾ ಇತ್ತು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಮಾತನ್ನು ಥಿನ್ ಪೂಲ್ ತಿರುಗಿಸಿ ಓದುತ್ತದೆ. ಕಾಲು ಈಗಲೇ ಚಾಚಿಕೋ, ಹಾಸಿಗೆ ಆಮೇಲೆ ತಂದರಾಯಿತು ಎನ್ನುತ್ತದೆ. ಹತ್ತು ವಾಲ್ಯೂಮ್‌ಗಳಿಗೆ ತಲಾ 1 ಟೆರಾಬೈಟ್ ಎಂದು ಹೇಳಿ, ಕೆಳಗೆ 3 ಟೆರಾಬೈಟ್ ಮಾತ್ರ ಇಟ್ಟಿರಬಹುದು. ಹೊಸ ಡಿಸ್ಕ್ ಬಂದಾಗ ಪೂಲನ್ನು ಹಿಗ್ಗಿಸಬಹುದು, ಮತ್ತೆ ಕುಗ್ಗಿಸಲು ಬರುವುದಿಲ್ಲ. ಡಿಸ್ಕ್ ಬರುವ ಮೊದಲೇ ಪೂಲ್ ತುಂಬಿದರೆ, ನಾವು ಬೇರೆ ಹೇಳದಿದ್ದಲ್ಲಿ, ಬರವಣಿಗೆಗಳು 60 ಸೆಕೆಂಡ್ ಸರದಿಯಲ್ಲಿ ಕಾದು ಆಮೇಲೆ ದೋಷವಾಗಿ ಹಿಂದಿರುಗುತ್ತವೆ. ತನ್ನಲ್ಲಿ ಇನ್ನೂ ಅರ್ಧದಷ್ಟು ಜಾಗವಿದೆ ಎಂದು ನಂಬಿದ ಫೈಲ್ ಸಿಸ್ಟಮ್‌ಗೆ ಇದು ಡಿಸ್ಕ್ ಕೆಟ್ಟಂತೆಯೇ. ಪೂಲ್ ತಾನಾಗಿ ಹಿಗ್ಗುವಂತೆ ಮಾಡುವ ಒಂದು ಮಿತಿ ಸಂರಚನೆಯ ಕಡತದಲ್ಲಿದೆ. ಅದು ಮೊದಲಿಗೆ ಇರುವುದು 100 ಎಂದು, ಅಂದರೆ ಹಿಗ್ಗಬೇಡ ಎಂದು. ಈ ಅಂಕಿಯನ್ನು ಇಳಿಸದೆ, ಮೆಟಾಡೇಟಾ ಎಷ್ಟು ತುಂಬಿದೆ ಎಂದು ನೋಡುವ ಅಭ್ಯಾಸ ಇಟ್ಟುಕೊಳ್ಳದೆ ಥಿನ್ ಪೂಲ್ ಬಳಸುವವರಿಗೆ ಹೊಗಳಿಕೆಗಿಂತ ಮೊದಲು ಇದು ತಿಳಿದಿರಬೇಕು.

ಫೈಲ್ ಸಿಸ್ಟಮ್ ಮತ್ತು ಪೂಲ್ ಎರಡನ್ನೂ ತಾನೇ ನೋಡಿಕೊಳ್ಳುವ ಝಡ್‌ಎಫ್‌ಎಸ್ ಬಳಸಿದರೆ ಈ ಗೋಜಲೇ ಇಲ್ಲ ಎಂದು ಕೆಲವರು ಹೇಳಬಹುದು. ಅಲ್ಲಿಯೂ ಪೂಲ್‌ಗೆ ಡಿಸ್ಕ್ ಸೇರಿಸುವಾಗ ಅಟ್ಯಾಚ್ ಎನ್ನಬೇಕಾದ ಕಡೆ ಆ್ಯಡ್ ಎಂದರೆ, ಜೋಡಿಯಾಗಬೇಕಿದ್ದ ಡಿಸ್ಕ್ ಒಂಟಿಯಾಗಿ ಕುಳಿತು ಇಡೀ ಪೂಲ್ ಅದರ ಮೇಲೆ ನಿಂತುಬಿಡುತ್ತದೆ. ಝಡ್‌ಎಫ್‌ಎಸ್‌ನದೇ ರೇಯ್ಡ್ ಆದ ರೇಯ್ಡ್‌ಝಡ್ ಇರುವ ಪೂಲ್ ಆದರೆ ಅದನ್ನು ಹಿಂದೆ ತೆಗೆಯಲೂ ಆಗುವುದಿಲ್ಲ. ಇದ್ದ ರೇಯ್ಡ್‌ಝಡ್‌ಗೇ ಒಂದು ಡಿಸ್ಕ್ ಸೇರಿಸಿ ಅಗಲಿಸುವ ಸೌಲಭ್ಯ, ಝಡ್‌ಎಫ್‌ಎಸ್‌ನ ಮುಕ್ತ ಆವೃತ್ತಿಯಾದ ಓಪನ್‌ಝಡ್‌ಎಫ್‌ಎಸ್‌ಗೆ ಬಂದದ್ದೇ 2025ರ ಜನವರಿಯಲ್ಲಿ ಹೊರಬಂದ 2.3ನೇ ಆವೃತ್ತಿಯಲ್ಲಿ.

ಎಲ್‌ವಿಎಂ ಪ್ರತಿ ಬದಲಾವಣೆಗೂ ಮುನ್ನ ತನ್ನ ಮೆಟಾಡೇಟಾದ ಹಳೆಯ ಪ್ರತಿಯನ್ನು ಇಟಿಸಿ ಅಡಿಯ ಎಲ್‌ವಿಎಂ ಆರ್ಕೈವ್ ಫೋಲ್ಡರ್‌ನಲ್ಲಿ ಇಟ್ಟುಕೊಳ್ಳುತ್ತದೆ. ಸಾದಾ ಅಕ್ಷರದ ಕಡತ, ತೆರೆದು ಓದಬಹುದು, ಯಾವ ಕಮಾಂಡ್‌ಗೆ ಮುನ್ನ ತೆಗೆದ ಪ್ರತಿ ಎಂಬುದೂ ಅದರಲ್ಲೇ ಬರೆದಿರುತ್ತದೆ. ತಪ್ಪಾಗಿ ವಾಲ್ಯೂಮ್ ಅಳಿಸಿದಾಗ ವಿಜಿಸಿಎಫ್‌ಜಿರಿಸ್ಟೋರ್ ಇದನ್ನೇ ಆಧರಿಸಿ ಜೀವ ಉಳಿಸುವುದುಂಟು. ಆದರೆ ಆ ಫೋಲ್ಡರ್ ಇರುವ ರೂಟ್ ಫೈಲ್ ಸಿಸ್ಟಮ್ (ಸಿಸ್ಟಮ್‌ನ ಮೂಲ ಫೈಲ್ ಸಿಸ್ಟಮ್) ಕೂಡ ಅದೇ ಗ್ರೂಪ್‌ನಲ್ಲಿದ್ದರೆ, ಪೆಟ್ಟಿಗೆಯ ಕೀಲಿಯನ್ನು ಪೆಟ್ಟಿಗೆಯೊಳಗೇ ಇಟ್ಟು ಬೀಗ ಹಾಕಿದ ಹಾಗಾಗುತ್ತದೆ. ಆ ಫೋಲ್ಡರನ್ನು ಬೇರೆ ಯಂತ್ರಕ್ಕೆ ನಕಲು ಮಾಡಿಡಲು ಒಂದು ನಿಮಿಷವೂ ಬೇಡ. ಅದರಲ್ಲಿರುವುದು ಯಾವ ಎಕ್ಸ್‌ಟೆಂಟ್ ಎಲ್ಲಿದೆ ಎಂಬ ನಕ್ಷೆ ಮಾತ್ರ, ಎಕ್ಸ್‌ಟೆಂಟ್‌ನ ಒಳಗಿದ್ದ ಫೋಟೊ ಅಲ್ಲ ಎಂಬುದನ್ನು ಮರೆಯದಿದ್ದರೆ ಸಾಕು.

ಆ ಲೇಖನ ಓದಿ ಈಗಾಗಲೇ ಡಿಸ್ಕ್ ಸೇರಿಸಿರುವ ಓದುಗರಿಗೆ ಅನುಕೂಲವಾಗುವಂತೆ ಈ ಕೆಳಗಿನ ಸೂಚನೆಯನ್ನಾದರೂ ಅದೇ ಪುಟದಲ್ಲಿ ಪ್ರಕಟಿಸಬೇಕೆಂದು ಕೋರುತ್ತೇನೆ. ಲಾಜಿಕಲ್ ವಾಲ್ಯೂಮ್‌ಗಳ ಪಟ್ಟಿ ಕೊಡುವ ಎಲ್‌ವಿಎಸ್ ಕಮಾಂಡ್‌ಗೆ ಡಿವೈಸಸ್ ಎಂಬ ಅಂಕಣವನ್ನೂ ತೋರಿಸು ಎಂದು ಕೇಳಿ. ಫೋಟೊಗಳಿರುವ ವಾಲ್ಯೂಮ್‌ನ ಹೆಸರು ಎರಡು ಸಾಲುಗಳಲ್ಲಿ, ಎರಡು ಬೇರೆ ಡಿಸ್ಕ್‌ಗಳೊಂದಿಗೆ ಕಾಣಿಸಿದರೆ ಅದು ಎರಡರ ಮೇಲೂ ಹರಡಿದೆ ಎಂದು ತಿಳಿಯಿರಿ. ಎರಡೂ ಡಿಸ್ಕ್‌ಗಳು ಚೆನ್ನಾಗಿರುವ ಈ ಹೊತ್ತಿನಲ್ಲೇ ಮೊದಲು ಅಷ್ಟನ್ನೂ ಹಿಡಿಸುವ ಬೇರೆ ಡಿಸ್ಕಿಗೆ ಪೂರ್ಣ ಬ್ಯಾಕಪ್ ತೆಗೆದು, ಅದರಿಂದ ನಾಲ್ಕಾರು ಕಡತಗಳನ್ನು ತೆರೆದು ನೋಡಿ. ಆಮೇಲೆ ರೇಯ್ಡ್1 ಮಾಡುವುದೋ, ದೊಡ್ಡ ಡಿಸ್ಕಿಗೆ ಸಾಗಿಸುವುದೋ ನಿಧಾನವಾಗಿ ನಿರ್ಧರಿಸಿ.

ಇತಿ,
ತಮ್ಮ ವಿಶ್ವಾಸಿ,
ಸರ್ವರ್ ನಿರ್ವಹಣೆಯ ಕೆಲಸದಲ್ಲಿರುವ ಒಬ್ಬ ಓದುಗ